ರಸ್ತೆ ಪರದೆಯ ಮುಂದೆ

ಸಾಯಲು ಹೊರಟ ಹುಡುಗಿ ಕಾವಲುಗಾರನ ಕೈಗೆ ಬಂಗಾರದ ಉಂಗುರ ಕೊಟ್ಟು, ನಾ ಹೇಳಿದ್ದನ್ನ ಒಂದು ಕಾಗದದಲ್ಲಿ ಬರೆದುಕೋ ಎನ್ನುತ್ತಾಳೆ. ಅದಕ್ಕೂ ಮೊದಲು ಅವನು ಆಕೆಯ ಮುಂದೆ ತನ್ನ ನೌಕರಿಯ ಪುರಾಣ ಬಿಚ್ಚಿ ಕೂತಿದ್ದಾನೆ. ಕಾವಲುಗಾರನಿಗೂ ಸೈನ್ಯದ ಸಾರ್ಜೆಂಟನಿಗೂ ಪಗಾರದಲ್ಲಿ ಎಷ್ಟು ಫರಕು, ಯಾರಿಗೆ ಬಡ್ತಿ ಬೇಗ, ಯಾರಿಗೆ ಮಾನ ಹೆಚ್ಚು. ಹುಡುಗಿಗೆ ಉಳಿದಿರುವುದು ಕೆಲವೇ ನಿಮಿಷ. ಅವನಿಗೆ ಅದರ ಖಬರಿಲ್ಲ ಅಂತಲ್ಲ, ಖಬರಿದೆ. ಆದರೆ ಪಗಾರದ ಮಾತು ಅದಕ್ಕಿಂತ ಹತ್ತಿರದ್ದು. ಕೊನೆಗೆ ಬರೆಯಲು ಕೂರುತ್ತಾನೆ. ತಾನು ಯಾತಕ್ಕಾಗಿ ಸಾಯುತ್ತಿದ್ದೇನೋ ಈಗ ತನಗೇ ತಿಳಿಯದಾಗಿದೆ ಎಂಬ ಅರ್ಥದ ಮಾತನ್ನು ಅವಳು ಹೇಳಿ ಬರೆಸುತ್ತಾಳೆ, ಮರುಗಳಿಗೆಗೇ ಅದನ್ನು ಹೊಡೆದು ಹಾಕಿಸುತ್ತಾಳೆ. ಕಾಗದ ಯಾರಿಗೆ ಎಂದು ಅವನು ಕೇಳುವಷ್ಟರಲ್ಲಿ ಕರೆದೊಯ್ಯುವವರು ಬಂದಾಯಿತು. ವಿಳಾಸವಿಲ್ಲದ ಕಾಗದ ಕಾವಲುಗಾರನ ಪುಸ್ತಕದಲ್ಲೇ ಉಳಿಯುತ್ತದೆ.

ಇದು ಝಾನ್ ಅನುಯಿ ಬರೆದ ‘ಅಂತಿಗೊನೆ’. 1944ರ ಫೆಬ್ರವರಿಯಲ್ಲಿ, ಪ್ಯಾರಿಸ್ ಇನ್ನೂ ಜರ್ಮನರ ಕೈಯೊಳಗಿದ್ದಾಗ, ಅವರ ಸೆನ್ಸಾರಿನವರ ಒಪ್ಪಿಗೆ ಪಡೆದೇ ರಂಗಕ್ಕೆ ಬಂದದ್ದು. ಸತ್ತ ಅಣ್ಣನ ಹೆಣಕ್ಕೆ ಮಣ್ಣು ಹಾಕಬಾರದೆಂದು ಅರಸನ ಆಜ್ಞೆ. ಹಾಕಿಯೇ ತೀರುತ್ತೇನೆಂದು ತಂಗಿ. ಕಥೆ ಸೋಫೋಕ್ಲಿಸನದು, ಎರಡೂವರೆ ಸಾವಿರ ವರ್ಷ ಹಳೆಯದು. ಆದರೆ ನಟರು ಹಾಕಿಕೊಂಡಿದ್ದು ಆ ಕಾಲದ ಸಂಜೆಯ ಪೋಷಾಕು. ನೋಡಲು ಬಂದವರಲ್ಲಿ ಕೆಲವರು ಹುಡುಗಿಯಲ್ಲಿ ಪ್ರತಿರೋಧದ ಕಿಡಿ ಕಂಡರು. ಇನ್ನು ಕೆಲವರು ಅರಸ ಕ್ರಿಯೋನನಲ್ಲಿ, ಹೊಲಸು ಕೆಲಸವಾದರೂ ಯಾರಾದರೂ ಮಾಡಲೇಬೇಕಲ್ಲ ಎಂದು ನೊಗಕ್ಕೆ ಹೆಗಲು ಕೊಟ್ಟ ಸಂಸಾರಸ್ಥನನ್ನು ಕಂಡು ತಲೆದೂಗಿದರು. ಊರು ಬಿಡುಗಡೆಯಾದ ಮೇಲೂ ನಾಟಕ ಮತ್ತೆ ನಡೆಯಿತು, ಜಗಳವೂ ನಡೆಯಿತು.

ನನ್ನ ಕಣ್ಣು ಮಾತ್ರ ಆ ಇಬ್ಬರ ಮೇಲಿಂದ ಜಾರಿ ಕಾವಲುಗಾರರ ಮೇಲೇ ಹೋಗಿ ನಿಲ್ಲುತ್ತದೆ. ಬೆಳ್ಳುಳ್ಳಿ, ತೊಗಲು, ಹೆಂಡ ನಾರುವ ಮೂವರು. ಕೆಟ್ಟವರಲ್ಲ. ಹೆಂಡತಿ ಮಕ್ಕಳಿದ್ದಾರೆ, ಸಣ್ಣಪುಟ್ಟ ತಾಪತ್ರಯಗಳಿವೆ. ಇಂದು ಕ್ರಿಯೋನನ ಹೆಸರಲ್ಲಿ ಹಿಡಿಯುತ್ತಾರೆ, ನಾಳೆ ಬೇರೆಯವನು ಪಟ್ಟಕ್ಕೆ ಬಂದರೆ ಕ್ರಿಯೋನನನ್ನೇ ಹಿಡಿದಾರು. ಸಾಯುವವರೆಲ್ಲ ಸತ್ತು, ಅಳುವವರೆಲ್ಲ ಅತ್ತು ಮುಗಿದ ಮೇಲೆ ರಂಗದ ಮೇಲೆ ಉಳಿಯುವವರು ಇವರೇ, ಇಸ್ಪೀಟಾಡುತ್ತ. ಜರ್ಮನರು ಆಳುತ್ತಿದ್ದ ಊರಿನಲ್ಲಿ, ಪೊಲೀಸರು ಊರಿನವರೇ ಆಗಿದ್ದ ಕಾಲದಲ್ಲಿ, ಇದಕ್ಕಿಂತ ಮೊನೆಯಾದ ರಾಜಕೀಯ ಮಾತು ಆ ನಾಟಕದಲ್ಲಿ ಇನ್ನೊಂದಿಲ್ಲ. ಅರಸನಿಗೂ ಹುಡುಗಿಗೂ ನಡುವಿನ ದೊಡ್ಡ ವಾಗ್ವಾದ ಕಿವಿಗೆ ಹಬ್ಬ, ನಿಜ. ಮೈ ನಡುಗಿಸುವುದು ಈ ಇಸ್ಪೀಟು.

ಈ ರಂಗಭೂಮಿಗೂ ನಮ್ಮ ಗದಗಿಗೂ ಎಲ್ಲಿಯ ನಂಟು? ನಂಟಿದೆ, ಮತ್ತು ಅದನ್ನು ಬೆಸೆದವರು ಇಬ್ಬರೂ ಈ ಮಣ್ಣಿನವರು. ಒಬ್ಬರು ಗದಗ ತಾಲೂಕಿನ ಹೊಂಬಳದಲ್ಲಿ 1904ರಲ್ಲಿ ಹುಟ್ಟಿದ ಜಿ.ಬಿ. ಜೋಶಿ. ‘ಜಡಭರತ’ ಎಂಬ ಹೆಸರಿಟ್ಟುಕೊಂಡು ನಾಟಕ ಬರೆದವರು, 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದವರು. ಇನ್ನೊಬ್ಬರು ಗದಗಿನಲ್ಲೇ 1928ರಲ್ಲಿ ಹುಟ್ಟಿದ ಕೀರ್ತಿನಾಥ ಕುರ್ತಕೋಟಿ. ಗುಜರಾತಿನ ವಲ್ಲಭ ವಿದ್ಯಾನಗರದಲ್ಲಿ ಇಂಗ್ಲಿಷ್ ಪಾಠ ಹೇಳುತ್ತ, ಕನ್ನಡದಲ್ಲಿ ವಿಮರ್ಶೆಯ ದಿಕ್ಕು ತಿದ್ದಿದವರು. ಧಾರವಾಡದ ಸುಭಾಸ ರಸ್ತೆಯ ಮಾಳಿಗೆಯ ಮೇಲಿನ ಗ್ರಂಥಮಾಲೆಯ ಜಾಗಕ್ಕೆ ಎಲ್ಲರೂ ‘ಅಟ್ಟ’ ಎಂದೇ ಅನ್ನುತ್ತಿದ್ದರು. ಬರೆಯುವ ಹುಡುಗರು ಹಸ್ತಪ್ರತಿ ಹಿಡಿದುಕೊಂಡು ಆ ಅಟ್ಟ ಹತ್ತುತ್ತಿದ್ದರು. ಹತ್ತಿದವರಲ್ಲಿ ಗಿರೀಶ ಕಾರ್ನಾಡ ಒಬ್ಬರು.

ಕಾರ್ನಾಡರಿಗೆ ಆಗ ಇಪ್ಪತ್ತೆರಡರ ಆಸುಪಾಸು. ಆಕ್ಸ್‌ಫರ್ಡಿಗೆ ಹೊರಡುವ ತಯಾರಿಯಲ್ಲಿದ್ದರು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದುಕೊಂಡಿದ್ದ ಹುಡುಗನ ಕೈಯಿಂದ ಕನ್ನಡದಲ್ಲಿ, ಅದೂ ನಾಟಕ, ಅದೂ ಮಹಾಭಾರತದ ಕಥೆ ಹೊರಬಂತು. ಅದೇ ‘ಯಯಾತಿ’. ತಾನು ಹೀಗೆ ಬರೆದದ್ದು ತನಗೇ ಆಶ್ಚರ್ಯವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಪುರಾಣವನ್ನು ಇಂದಿನ ಮಾತಾಡಿಸುವ ಆ ಬಗೆಯನ್ನು ಕಾಲೇಜಿನಲ್ಲಿ ಓದಿದ ಅನುಯಿಯಿಂದ, ಮುಖ್ಯವಾಗಿ ‘ಅಂತಿಗೊನೆ’ಯಿಂದ, ಜೊತೆಗೆ ಸಾರ್ತ್ರ್, ಓನೀಲ್, ಗ್ರೀಕರಿಂದ ಪಡೆದೆನೆಂಬುದನ್ನೂ ಮುಚ್ಚಿಟ್ಟಿಲ್ಲ. 1961ರಲ್ಲಿ ಗ್ರಂಥಮಾಲೆ ಅದನ್ನು ಅಚ್ಚು ಹಾಕಿತು. ಹೆಸರಿಲ್ಲದ ಹುಡುಗನ ಮೊದಲ ನಾಟಕ. ಹೊಂಬಳದ ಜೋಶಿಯವರ ಧೈರ್ಯಕ್ಕೆ ಇದೊಂದು ಸಾಕ್ಷಿ ಸಾಕು.

‘ಯಯಾತಿ’ಯನ್ನು ಓದುವಾಗ ನಾನು ಕಾಯುವುದು ಚಿತ್ರಲೇಖೆಗಾಗಿ. ವ್ಯಾಸರಲ್ಲಿ ಇಲ್ಲದ ಹೆಣ್ಣು, ಕಾರ್ನಾಡರು ಕಟ್ಟಿದ್ದು. ಮಗ ಪುರು ಅಪ್ಪನ ಮುಪ್ಪನ್ನು ಹೊತ್ತುಕೊಂಡ, ಅಪ್ಪ ಮಗನ ಹರೆಯ ಉಟ್ಟುಕೊಂಡ. ತ್ಯಾಗ ಎಂದು ಎಲ್ಲರೂ ಕೈಮುಗಿದರು. ಪುರಾಣಿಕರು ಅಲ್ಲಿಗೆ ಮಂಗಳ ಹಾಡಿ ಏಳುತ್ತಿದ್ದರು. ಆದರೆ ಪುರುವಿಗೆ ಆಗತಾನೆ ಮದುವೆಯಾಗಿ ಬಂದ ಹೆಂಡತಿ ಇದ್ದರೆ? ಒಳಕೋಣೆಯ ಬಾಗಿಲಲ್ಲಿ ಅವಳು ದೀಪ ಹಿಡಿದು ಗಂಡನ ಮುಖ ನೋಡಿದರೆ? ಅಲ್ಲಿಂದ ನಾಟಕದ ಮೈ ಬದಲಾಗುತ್ತದೆ. ಯಯಾತಿ ಸೊಸೆಗೆ ಧರ್ಮ ಹೇಳಲು ಬರುತ್ತಾನೆ. ಆಕೆ ಅವನ ತರ್ಕವನ್ನೇ ಹಿಡಿದು ಮುಂದೆ ನಡೆಸುತ್ತಾಳೆ: ಮಗನ ಹರೆಯ ನೀವು ತಗೊಂಡಿರಿ, ಆ ಹರೆಯದ ಜೊತೆಗೆ ಬಂದದ್ದೆಲ್ಲ ನಿಮ್ಮದೇ ತಾನೇ, ಹಾಗಾದರೆ ನನ್ನ ಕೈಯನ್ನೂ ಹಿಡಿಯಿರಿ. ಅರಸ ತತ್ತರಿಸುತ್ತಾನೆ. ಅವನ ವ್ಯವಹಾರದಲ್ಲಿ ಸಹಿ ಹಾಕದ, ಆದರೆ ಸಾಲ ತೀರಿಸಬೇಕಾದ ಹೆಣ್ಣು ಎದುರಿಗೆ ನಿಂತಿದ್ದಾಳೆ. ಆಕೆ ವಿಷ ಕುಡಿಯುವುದು ಆಮೇಲಿನ ಮಾತು. ನಾಟಕ ಮುಗಿದದ್ದು ಆ ಪ್ರಶ್ನೆಯಲ್ಲೇ.

ಕಾಮ್ಯುವಿನ ‘ಕಲಿಗುಲಾ’ದಲ್ಲೂ ಇಂಥದೇ ಒಂದು ಗಳಿಗೆ ಇದೆ. 1945ರ ಸೆಪ್ಟೆಂಬರಿನಲ್ಲಿ, ಯುದ್ಧ ಮುಗಿದ ಕೆಲವೇ ತಿಂಗಳಿಗೆ, ಎಬೆರ್ತೋ ಥಿಯೇಟರಿನಲ್ಲಿ ಮೊದಲ ಪ್ರಯೋಗ. ಕಲಿಗುಲಾ ಆಗಿ ಬಂದ ಜೆರಾರ್ ಫಿಲಿಪ್‌ಗೆ ಇಪ್ಪತ್ತೆರಡು ವರ್ಷ. ತಂಗಿ ಸತ್ತಿದ್ದಾಳೆ, ತರುಣ ಚಕ್ರವರ್ತಿಗೆ ಚಂದ್ರ ಬೇಕಾಗಿದೆ. ಆ ಹೊತ್ತಿನಲ್ಲಿ ಬೊಕ್ಕಸದ ಅಧಿಕಾರಿ ಬಂದು ಖಜಾನೆಯ ಸಂಗತಿ ಬಹಳ ಮಹತ್ವದ್ದು ಎನ್ನುತ್ತಾನೆ. ಅಷ್ಟೇ ಸಾಕು. ಖಜಾನೆ ಮಹತ್ವದ್ದಾದರೆ ಮನುಷ್ಯನ ಜೀವ ಮಹತ್ವದ್ದಲ್ಲ ಎಂದಾಯಿತು. ಹಾಗಿದ್ದರೆ ಶ್ರೀಮಂತರೆಲ್ಲ ಆಸ್ತಿ ಸರ್ಕಾರಕ್ಕೆ ಬರೆದುಕೊಡಲಿ, ಬೇಕಾದ ಹಾಗೆ ಪಟ್ಟಿ ಮಾಡಿ ಒಬ್ಬೊಬ್ಬರನ್ನೇ ಕೊಲ್ಲುತ್ತ ಹೋಗೋಣ. ಗುಮಾಸ್ತನ ಬಾಯಿಂದ ದಿನವೂ ಉದುರುವ ಮಾತನ್ನು ಹಿಡಿದು ಅದರ ಕಟ್ಟಕಡೆಯ ತನಕ ನಡೆದುಹೋಗುವುದು, ದಾರಿಯಲ್ಲಿ ಹೆಣ ಬಿದ್ದರೂ ನಿಲ್ಲದಿರುವುದು. ಯುರೋಪು ಆಗಷ್ಟೇ ಅಂಥ ಪಟ್ಟಿಗಳ ಅಡಿಯಿಂದ ಎದ್ದು ಬಂದಿತ್ತು. ತಿದ್ದುತ್ತ ಹೋದ ಈ ನಾಟಕವನ್ನು ಕಾಮ್ಯು ಯುದ್ಧಕ್ಕೂ ಮೊದಲೇ ಬರೆಯತೊಡಗಿದ್ದರೆಂಬುದು ಬೇರೆ ಮಾತು; ಪ್ರೇಕ್ಷಕರು ತಮ್ಮ ಕಣ್ಣು ಕಂಡದ್ದನ್ನೇ ಅದರಲ್ಲಿ ಕಂಡರು.

ಆ ವರ್ಷಗಳ ಪ್ಯಾರಿಸ್ಸಿನಲ್ಲಿ ಇಂಥ ನಾಟಕಗಳಿಗೆ ಬರವಿರಲಿಲ್ಲ. ಸಾರ್ತ್ರನ ‘ಮಲಿನ ಹಸ್ತಗಳು’ 1948ರದು: ಪಕ್ಷದ ಕೆಲಸಕ್ಕಿಳಿದವನ ಕೈ ಮೊಣಕೈ ತನಕ ಕೆಸರಾಗದೆ ಇರುತ್ತದೆಯೇ ಎಂಬ ತಕರಾರು. ಓದಲು ಸೊಗಸು, ಆದರೆ ಪಾತ್ರಗಳು ವಾದಕ್ಕಾಗಿ ಹುಟ್ಟಿದ ಹಾಗೆ ಕಾಣುತ್ತವೆ. ಸಾರ್ತ್ರನ ಬಗ್ಗೆ ನನ್ನ ಈ ಗೊಣಗು ಹಳೆಯದು. ಮರುವರ್ಷದ ಕಾಮ್ಯುವಿನ ‘ನ್ಯಾಯವಂತರು’ ಹಾಗಲ್ಲ. 1905ರ ರಷ್ಯ. ಗ್ರ್ಯಾಂಡ್ ಡ್ಯೂಕನ ಸಾರೋಟಿನ ಮೇಲೆ ಬಾಂಬು ಎಸೆಯಲು ನಿಂತ ಕಲಿಯಾಯೆವ್, ಒಳಗೆ ಎರಡು ಮಕ್ಕಳು ಕೂತಿರುವುದನ್ನು ಕಂಡು ಎಸೆಯದೆ ಬಂದುಬಿಡುತ್ತಾನೆ. ಸಂಗಾತಿಗಳ ನಡುವೆ ರಾತ್ರಿಯೆಲ್ಲ ಅದೇ ಮಾತು. ಮುಂಡರಗಿಯವರಿಗೆ ಭೀಮರಾಯ ಗೊತ್ತು. 1858ರಲ್ಲಿ ಡಂಬಳದ ಖಜಾನೆಗೆ ಕೈಹಾಕಿ, ಕೊಪ್ಪಳದ ಕೋಟೆ ಹಿಡಿದು, ಅಲ್ಲೇ ಹೋರಾಡಿ ಬಿದ್ದವನು. ಬಂಡಾಯಗಾರನ ಎದೆಗಾರಿಕೆಯನ್ನು ಹಾಡಿ ಕೊಂಡಾಡುವುದು ಈ ಸೀಮೆಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಆದರೆ ಎತ್ತಿದ ಕೈ ಇಳಿದ ಗಳಿಗೆಯನ್ನು, ಇಳಿಸಿದವನನ್ನು ಹೇಡಿಯೆನ್ನದೆ, ರಂಗದ ನಡುವೆ ತಂದು ನಿಲ್ಲಿಸಿದ್ದು ಕಾಮ್ಯು.

ಈಗ ಕುರ್ತಕೋಟಿಯವರ ಕಡೆಗೆ. ನಮ್ಮ ಭಾಷೆಗಳಲ್ಲಿ ಇತಿಹಾಸವನ್ನು ಗಟ್ಟಿಯಾಗಿ ಎದುರು ಹಾಕಿಕೊಂಡ ನಾಟಕಗಳೇ ಇಲ್ಲ ಎಂದು ಅವರು ತೆಗೆದ ಆಕ್ಷೇಪ ಕಾರ್ನಾಡರಿಗೆ ನಾಟಿತು. ಇತಿಹಾಸದ ಪುಸ್ತಕ ತೆಗೆದು ಕೂತರು, ಮುಹಮ್ಮದ್ ಬಿನ್ ತುಘಲಕನ ತನಕ ಬಂದು ನಿಂತರು. ‘ತುಘಲಕ್’ 1964ರಲ್ಲಿ ಗ್ರಂಥಮಾಲೆಯಿಂದಲೇ ಬಂತು. ಗದಗಿನವರು ಕೇಳಿದ ಪ್ರಶ್ನೆ, ಹೊಂಬಳದವರು ಹಾಕಿದ ಅಚ್ಚು. ಚೀನಾ ಯುದ್ಧ ಮುಗಿದು ಎರಡು ವರ್ಷ. ಅದೇ ವರ್ಷದ ಮೇ ತಿಂಗಳಲ್ಲಿ ನೆಹರೂ ತೀರಿಕೊಂಡಿದ್ದರು. ದೊಡ್ಡ ಕನಸು ಕಂಡು, ಆ ಕನಸಿನಿಂದಲೇ ಊರು ಕೆಡಿಸಿದ ಸುಲ್ತಾನನಲ್ಲಿ ಓದುಗರು ತಮ್ಮ ಕಾಲವನ್ನು ಓದಿಕೊಂಡರು. ‘ಕಲಿಗುಲಾ’ದ ನೆರಳನ್ನು ವಿಮರ್ಶಕರು ಬೇಗ ಗುರುತಿಸಿದರು. ಆ ನೆರಳು ಇದೆ. ತರ್ಕದ ಬಾಲ ಹಿಡಿದು ಹೊರಟ ದೊರೆ, ಚದುರಂಗದ ಒಗಟು ಬಿಡಿಸುತ್ತ ರಾತ್ರಿ ಕಳೆಯುವ ಒಂಟಿತನ, ಬುದ್ಧಿವಂತನ ಕ್ರೌರ್ಯ. ಶೇಖ್ ಇಮಾಮುದ್ದೀನ್ ಎಂಬ ಧರ್ಮಗುರು ತನ್ನನ್ನು ಬೈಯುವುದನ್ನು ಕೇಳಲು ಊರಿಗೆಲ್ಲ ಆಮಂತ್ರಣ ಕೊಟ್ಟು, ಒಬ್ಬರೂ ಮನೆ ಬಿಟ್ಟು ಬರದಂತೆ ಸಿಪಾಯಿಗಳನ್ನು ನಿಲ್ಲಿಸುತ್ತಾನಲ್ಲ, ಅದು ಕಲಿಗುಲಾನಿಗೂ ಹೊಳೆಯದ ಕುಚೋದ್ಯ.

ಹೋಲಿಕೆ ಅಷ್ಟಕ್ಕೆ ಸಾಕು. ಎರಡು ನಾಟಕಗಳನ್ನು ಒಂದರ ಬೆನ್ನಿಗೆ ಒಂದು ಓದಿದರೆ ಎದ್ದು ಕಾಣುವುದು ಬೇರೆಯೇ. ಕಾಮ್ಯುವಿನ ರೋಮಿನಲ್ಲಿ ಊರಿನ ಜನಕ್ಕೆ ಮಾತಿಲ್ಲ. ಅರಸ, ಅವನ ಗೆಳತಿ, ಒಬ್ಬ ಕವಿ, ಒಬ್ಬ ವಿಚಾರವಂತ, ಹೆದರಿದ ಗಣ್ಯರು. ಹೆಚ್ಚಿನದೆಲ್ಲ ಅರಮನೆಯ ಒಳಗೇ. ‘ತುಘಲಕ್’ ಶುರುವಾಗುವುದೇ ದಿಲ್ಲಿಯ ನ್ಯಾಯಾಲಯದ ಹೊರಗೆ ಗುಂಪು ಕೂಡಿದ ಜನರ ಗೊಣಗಿನಿಂದ. ಒಬ್ಬ ಮುದುಕನಿಗೆ ಕಾಲ ಕೆಟ್ಟಿತೆಂಬ ಸಂಕಟ. ಒಬ್ಬ ತರುಣನಿಗೆ ಇಂಥ ಅರಸ ಇನ್ನೆಲ್ಲಿ ಎಂಬ ಹುರುಪು. ಒಬ್ಬ ಹಿಂದೂ ಅಂತೂ ಜಿಜಿಯಾ ತೆರಿಗೆ ಮಾಫಿ ಮಾಡಿದ್ದಕ್ಕೇ ಗಾಬರಿಯಾಗಿದ್ದಾನೆ: ಒದ್ದು ವಸೂಲು ಮಾಡುವ ಸುಲ್ತಾನ ಅರ್ಥವಾಗುತ್ತಾನೆ, ನೀನೂ ನನ್ನಂತೆ ಮನುಷ್ಯ ಎನ್ನುವವನನ್ನು ನಂಬುವುದು ಹೇಗೆ? ಈ ಅಂಜಿಕೆಯ ನಗು ಶಿರಹಟ್ಟಿಯವರಿಗೆ ಬೇರೆ ರೀತಿ ತಾಗೀತು. ಫಕೀರೇಶ್ವರನ ಜಾತ್ರೆಯಲ್ಲಿ ಎರಡೂ ಕೋಮಿನವರು ಭುಜಕ್ಕೆ ಭುಜ ತಾಗಿಸಿ ನಡೆದ ಊರು ಅದು. ಒಂದಾಗಿ ಬದುಕುವುದಕ್ಕೆ ಅಲ್ಲಿ ಯಾವ ಸುಲ್ತಾನನ ಫರ್ಮಾನೂ ಬೇಕಾಗಿರಲಿಲ್ಲ. ಫರ್ಮಾನಿನಿಂದ ತರಲು ಹೋದ ಸಮಾನತೆಗೆ ಏನಾಗುತ್ತದೆಂಬುದು ಈ ನಾಟಕದ ಅರ್ಧ ಕಥೆ.

ಈ ಜನ ಕಾರ್ನಾಡರಿಗೆ ಎಲ್ಲಿಂದ ಬಂದರು? ಪ್ಯಾರಿಸ್ಸಿನಿಂದ ಬರಲಿಲ್ಲ. ಕಂಪನಿ ನಾಟಕದಿಂದ ಬಂದರು. ಸಿರ್ಸಿಯಲ್ಲಿ ಹುಡುಗನಾಗಿದ್ದಾಗ ಊರಿಗೆ ಬಂದು ಠಾಣೆ ಹಾಕುತ್ತಿದ್ದ ಕಂಪನಿಗಳ ಆಟವನ್ನು ಕಣ್ತುಂಬ ನೋಡಿದವರು ಅವರು. ಅಂಥ ಕಂಪನಿಗಳಿಗೆ ಗದಗು ಸೀಮೆ ತವರಿದ್ದಂತೆ. ಮರಾಠಿ ಮಂಡಳಿಗಳ ಅಬ್ಬರದ ನಡುವೆ ಕನ್ನಡಕ್ಕೂ ಒಂದು ರಂಗ ಬೇಕೆಂದು ಶಾಂತಕವಿಗಳು 1870ರ ದಶಕದಲ್ಲಿ ಕೃತಪುರ ನಾಟಕ ಮಂಡಳಿ ನಿಲ್ಲಿಸಿದ್ದು ಗದಗಿನಲ್ಲಿ. ಆಮೇಲೆ ಶಿರಹಟ್ಟಿ ವೆಂಕೋಬರಾಯರ ಕಂಪನಿ. ಹೆಂಗಸರದೇ ಕಂಪನಿ ಕಟ್ಟಿ ನಡೆಸಿದ ಲಕ್ಷ್ಮೇಶ್ವರದ ಬಚ್ಚಾಸಾನಿ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಅವರ ‘ಎಚ್ಚಮನಾಯಕ’. ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನಕ್ಕಾಗಿ ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು ಊರೂರು ತಿರುಗಿಸಿದ ನಾಟಕ ಕಂಪನಿಯೂ ಇಲ್ಲಿಯದೇ. ಗವಾಯಿಗಳ ಕಂಪನಿಯದು ಟಿಕೀಟಿನ ದುಡ್ಡಿನಿಂದ ದಾಸೋಹ. ಝಾನ್ ವಿಲಾರ್ 1951ರಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ಜನರಂಗಭೂಮಿಯ ಹೊಣೆ ಹೊತ್ತಾಗ, ನಾಟಕವೆಂಬುದು ನೀರು, ಗ್ಯಾಸು, ಕರೆಂಟಿನ ಹಾಗೆ ಸಾರ್ವಜನಿಕರಿಗೆ ಮುಟ್ಟಬೇಕಾದ ಸೇವೆ ಎಂದು ವಾದಿಸಿದರು. ಎರಡೂವರೆ ಸಾವಿರಕ್ಕೂ ಮೇಲೆ ಜನ ಹಿಡಿಸುವ ಶೈಯೋ ಅರಮನೆಯ ಸಭಾಗೃಹಕ್ಕೆ ಕಾರ್ಖಾನೆಯ ಕೆಲಸಗಾರರನ್ನು ಕರೆತಂದರು, ಸರ್ಕಾರದ ಅನುದಾನದ ಬಲದಿಂದ. ಅದೊಂದು ದೊಡ್ಡ ಕೆಲಸವೇ. ಆದರೂ ಬಂಡಿಯ ಮೇಲೆ ಪರದೆ ಹೇರಿಕೊಂಡು, ಹಗಲೆಲ್ಲ ಹೊಲದಲ್ಲಿ ದುಡಿದವನಿಂದ ನೆಲದ ಟಿಕೀಟಿನ ಆಣೆ ಈಸಿಕೊಂಡು, ಬೆಳಗಿನ ತನಕ ಅವನನ್ನು ಎಚ್ಚರವಿಡುತ್ತಿದ್ದ ನಮ್ಮ ಕಂಪನಿಗಳು ಆ ಸೇವೆಯನ್ನು ಯಾವ ಅನುದಾನವೂ ಇಲ್ಲದೆ ಮಾಡಿದ್ದವು ಎಂಬುದನ್ನು ಹೇಳದೆ ಇರಲಾರೆ.

ಕಂಪನಿ ನಾಟಕದ ಒಂದು ಕಸಬುದಾರಿಕೆ ಇದೆ. ದರ್ಬಾರ್ ಸೀನು ಮುಗಿಯಿತು, ಮುಂದೆ ಉದ್ಯಾನದ ಸೀನು. ಸಿಂಹಾಸನ ಎತ್ತಬೇಕು, ಕಂಬ ಸರಿಸಬೇಕು, ಗಿಡ ಬಳ್ಳಿ ನಿಲ್ಲಿಸಬೇಕು. ಪ್ರೇಕ್ಷಕರು ಅಷ್ಟು ಹೊತ್ತು ಸುಮ್ಮನೆ ಕೂರುವ ಪೈಕಿಯಲ್ಲ. ಅದಕ್ಕೇ ಮುಂದೆ ರಸ್ತೆ ಪರದೆ ಇಳಿಬಿಡುತ್ತಾರೆ. ಓಣಿ, ಮನೆಗಳ ಸಾಲು, ದೂರದಲ್ಲೊಂದು ಗುಡಿ ಬರೆದ ಪರದೆ. ಅದರ ಮುಂದೆ ನಾಲ್ಕು ಹೆಜ್ಜೆಯಷ್ಟು ಜಾಗ. ಅಲ್ಲಿಗೆ ಹಾಸ್ಯದವರು ಬರುತ್ತಾರೆ: ಕಳ್ಳ, ಸಿಪಾಯಿ, ಜಿಪುಣ ಸಾಹುಕಾರ, ಬಜಾರಿ ಹೆಂಡತಿ. ಪರದೆಯ ಹಿಂದೆ ಮೊಳೆ ಹೊಡೆಯುವ ಸಪ್ಪಳ, ಮುಂದೆ ನಗುವಿನ ಸಪ್ಪಳ. ಅರಸರ ಕಥೆಗೂ ಇವರ ಕಥೆಗೂ ಸಂಬಂಧವಿರಬೇಕೆಂಬ ಕಟ್ಟಳೆ ಇಲ್ಲ. ಅರಸ ಓಣಿಗೆ ಬರುವುದಿಲ್ಲ, ಕಳ್ಳ ದರ್ಬಾರಿಗೆ ಹೋಗುವುದಿಲ್ಲ.

ಕಾರ್ನಾಡರು ‘ತುಘಲಕ್’ಗೆ ಈ ಹಂದರವನ್ನೇ ತೆಗೆದುಕೊಂಡರು, ಗೊತ್ತಿದ್ದೇ ತೆಗೆದುಕೊಂಡರು. ಸುಲ್ತಾನನ ಗಂಭೀರ ದೃಶ್ಯಗಳ ನಡುನಡುವೆ ಅಜೀಜ್ ಮತ್ತು ಆಜಮ್ ಎಂಬ ಕಳ್ಳರ ಜೋಡಿ. ಬರೆಯುತ್ತ ಹೋದ ಹಾಗೆ ಪರದೆ ಮುಂದಿನ ಸೀನುಗಳು ಹಾಸ್ಯದ ಮೇರೆಯಲ್ಲಿ ನಿಲ್ಲದೆ ಉಬ್ಬಿಕೊಂಡವು ಎಂದು ಅವರೇ ಹೇಳಿದ್ದಾರೆ. ಆ ಉಬ್ಬುವಿಕೆಯನ್ನು ಒಂದೊಂದೇ ಸೀನಿನಲ್ಲಿ ಹಿಂಬಾಲಿಸುವುದೇ ನನಗೆ ಈ ನಾಟಕದ ದೊಡ್ಡ ರುಚಿ.

ಮೊದಲ ಸಲ ಅಜೀಜ್ ಬರುವುದು ಬ್ರಾಹ್ಮಣ ವಿಷ್ಣುಪ್ರಸಾದನಾಗಿ. ಸುಲ್ತಾನನ ಅಧಿಕಾರಿಗಳು ಜಮೀನು ಕಿತ್ತುಕೊಂಡರೆಂದು ಸುಲ್ತಾನನ ಮೇಲೇ ಫಿರ್ಯಾದಿ ಹಾಕಿ ಗೆದ್ದಿದ್ದಾನೆ. ಐನೂರು ದಿನಾರು, ಮೇಲೊಂದು ಸರ್ಕಾರಿ ನೌಕರಿ. ನ್ಯಾಯದ ಮುಂದೆ ಅರಸನೂ ಒಂದೇ, ಬಡವನೂ ಒಂದೇ ಎಂದು ಮುಹಮ್ಮದ್ ಬೀಗುತ್ತಾನೆ. ಜನ ಚದುರಿದ ಮೇಲೆ ಗೊತ್ತಾಗುತ್ತದೆ, ಇವನು ಬ್ರಾಹ್ಮಣನೂ ಅಲ್ಲ, ಜಮೀನೂ ಇವನದಲ್ಲ. ಬಟ್ಟೆ ಒಗೆಯುತ್ತಿದ್ದ ಅಜೀಜ್. ಪ್ರೇಕ್ಷಕರು ಗೊಳ್ಳೆಂದು ನಗುತ್ತಾರೆ. ಕಂಪನಿಯ ಕಳ್ಳ ಬಂದ ಹಾಗೆಯೇ ಇದೆ. ಯಾರಿಗೂ ಏನೂ ಕೆಟ್ಟದ್ದಾಗಿಲ್ಲ, ಸರ್ಕಾರದ ದುಡ್ಡು ನಾಲ್ಕು ಕಾಸು ಹೋಗಿದೆ ಅಷ್ಟೇ.

ಎರಡನೆಯ ಸಲ ಅವನು ಕಾಣುವುದು ಸುಲ್ತಾನ ರಾಜಧಾನಿ ಬದಲಿಸಿ ದಿಲ್ಲಿಯಿಂದ ದೌಲತಾಬಾದಿಗೆ ಜನರನ್ನು ಹೊಡೆದಟ್ಟುವ ದಾರಿಯಲ್ಲಿ, ಡೇರೆಯ ಬಳಿ. ಈಗ ಅವನೇ ಅಧಿಕಾರಿ. ಒಬ್ಬ ಹೆಂಗಸು ಕಂಕುಳಲ್ಲಿ ಕೂಸು ಹೊತ್ತು ಬಂದಿದ್ದಾಳೆ, ಕೂಸಿಗೆ ಜೀವ ಹೋಗುವ ಹಾಗಾಗಿದೆ, ಹಕೀಮನ ಬಳಿ ಹೋಗಿ ಬರುತ್ತೇನೆ ಬಿಡಿ ಎನ್ನುತ್ತಾಳೆ. ಅಜೀಜ್ ಹಣ ಕೇಳುತ್ತಾನೆ. ಅವಳ ಹತ್ತಿರ ಇಲ್ಲ. ಆಕೆ ಹೋದ ಮೇಲೆ ಆಜಮ್‌ಗೆ ಕಸಿವಿಸಿ. ಅಜೀಜ್ ಅದಕ್ಕೂ ಲೆಕ್ಕ ಹೇಳುತ್ತಾನೆ, ಕೂಸು ಹೇಗಿದ್ದರೂ ಉಳಿಯುವುದಿಲ್ಲ, ಹಕೀಮನಿಗೆ ಸುರಿಯುವ ದುಡ್ಡು ಅವಳಿಗಾದರೂ ಉಳಿಯಿತಲ್ಲ. ಒಳ್ಳೆಯ ನಟ ಇದನ್ನು ಮೊದಲ ಸೀನಿನ ಅದೇ ಹಾಸ್ಯದ ದನಿಯಲ್ಲೇ ಹೇಳಬೇಕು. ಗಂಟಲು ಬದಲಿಸಿದರೆ ಕೆಟ್ಟಿತು. ಅದೇ ದನಿ, ಅದೇ ಕಣ್ಣ ಹೊರಳಿಕೆ, ಅದೇ ರಸ್ತೆ ಪರದೆ. ಸಭೆಯಲ್ಲಿ ಅಭ್ಯಾಸದಿಂದ ಎದ್ದ ನಗು ಅರ್ಧಕ್ಕೇ ತುಂಡಾಗಬೇಕು. ನಕ್ಕವನಿಗೆ ತಾನು ಯಾತಕ್ಕೆ ನಕ್ಕೆನೆಂದು ತನ್ನ ಮೇಲೇ ಹೇವರಿಕೆ ಆಗಬೇಕು. ಹಾಸ್ಯದವನ ಬಾಯಲ್ಲಿ ಕೇಳಿದ ಈ ಲೆಕ್ಕ ಸುಲ್ತಾನನ ಲೆಕ್ಕವೇ. ರಾಜ್ಯದ ಹಿತಕ್ಕಾಗಿ ಎಂದು ಅವನು ಮೇಲೆ ಮಾಡಿದ್ದನ್ನು ಇವನು ಕೆಳಗೆ ಚಿಲ್ಲರೆಯಲ್ಲಿ ಮಾಡುತ್ತಿದ್ದಾನೆ. ಅಜೀಜನಿಗೆ ಇದು ಗೊತ್ತು ಕೂಡ. ಓಡಿಹೋಗುವ ಕಳ್ಳತನ ಅವನಿಗೆ ಬೇಸರ ತಂದಿದೆ. ದೋಚಬೇಕು, ದೋಚಿದ ಜಾಗದಲ್ಲೇ ನಿಂತು, ದೋಚಿಸಿಕೊಂಡವನನ್ನು ಶಿಕ್ಷಿಸಲೂ ಬೇಕು, ಅದು ಅರಸುತನ ಎಂಬುದು ಅವನ ಸಿದ್ಧಾಂತ.

ಕೋಟೆಯ ಮೇಲಿನ ಸೀನನ್ನು ಬಿಡುವ ಹಾಗಿಲ್ಲ. ದೌಲತಾಬಾದು, ರಾತ್ರಿ, ಇಬ್ಬರು ಕಾವಲಿನವರು. ಮುದುಕ ದಿಲ್ಲಿಯಿಂದ ನಡೆದು ಬಂದವನು. ದಾರಿಯಲ್ಲಿ ಮನೆಯವರನ್ನು ಕಳೆದುಕೊಂಡಿದ್ದಾನೆ. ಅದನ್ನು ಅವನು ಹೇಳುವ ರೀತಿಯಲ್ಲಿ ಅಳುವಿಲ್ಲ, ನೆಲದ ಸುದ್ದಿ ಹೇಳಿದಂತಿದೆ. ಕೋಟೆಯ ಹೊಟ್ಟೆಯೊಳಗೆ ಸುತ್ತಿ ಹೋಗುವ ಸುರಂಗದ ಮಾತೂ ಬರುತ್ತದೆ. ಆಗ ನಿದ್ದೆ ಬಾರದ ಸುಲ್ತಾನ ಅಲ್ಲಿಗೆ ಬಂದು ತರುಣನ ವಯಸ್ಸು ಕೇಳುತ್ತಾನೆ. ಹತ್ತೊಂಬತ್ತು. ಇಪ್ಪತ್ತೊಂದರಲ್ಲಿ ತಾನು ಇಲ್ಲಿಗೆ ಮೊದಲು ಬಂದು ಈ ಕೋಟೆ ಕಟ್ಟಿಸಿದ್ದು ಅವನಿಗೆ ನೆನಪಾಗುತ್ತದೆ, ಜಗತ್ತೆಲ್ಲ ಮುಷ್ಟಿಯಲ್ಲಿ ಹಿಡಿದೇನೆಂಬ ಆ ವಯಸ್ಸಿನ ಸೊಕ್ಕೂ ನೆನಪಾಗುತ್ತದೆ. ತರುಣ ಕೇಳಿಸಿಕೊಳ್ಳುತ್ತಾನೆ, ಅರಸ ಮಾತಾಡುತ್ತಿದ್ದಾನೆ, ಕೇಳಿಸಿಕೊಳ್ಳಬೇಕು, ಅಷ್ಟೇ. ಅನುಯಿಯ ಕಾವಲುಗಾರ ಸಾಯುವವಳ ಮುಂದೆ ತನ್ನ ಪಗಾರದ ಕಥೆ ಹೇಳಿದ; ಇಲ್ಲಿ ಸಾವಿಗೆ ಕಾರಣನಾದವನು ಕಾವಲುಗಾರನ ಮುಂದೆ ತನ್ನ ಹರೆಯದ ಕಥೆ ಹೇಳುತ್ತಾನೆ. ಎರಡೂ ಕಡೆ ಆ ಹೊತ್ತಿಗೆ ಬೇಕಾದವರು ಬೇರೆ ಯಾರೋ, ಸಿಕ್ಕವರು ಇವರು. ನನ್ನ ಮಟ್ಟಿಗೆ ಕಾರ್ನಾಡರದು ಒಂದು ಕೈ ಮೇಲು. ಅನುಯಿಗೆ ತನ್ನ ಕಾವಲುಗಾರರ ಮೇಲೆ ಒಳಗೊಳಗೇ ತಾತ್ಸಾರವಿದೆ, ಅವರ ಬಾಯಿ ನಾತದಿಂದಲೇ ಪರಿಚಯ ಮಾಡಿಸುತ್ತಾನೆ. ಕಾರ್ನಾಡರ ಮುದುಕನಿಗೆ ಸತ್ತವರಿದ್ದಾರೆ.

ಕೊನೆಗೆ ಕಂಪನಿ ನಾಟಕದ ಆ ಬರೆಯದ ಕಟ್ಟಳೆಯೇ ಮುರಿಯುತ್ತದೆ. ಖಲೀಫರ ವಂಶದವನು ಬರುತ್ತಿದ್ದಾನೆ, ಅವನ ಕಾಲಧೂಳಿನಿಂದ ತಾನೇ ನಿಲ್ಲಿಸಿದ್ದ ಪ್ರಾರ್ಥನೆ ಮತ್ತೆ ಶುರುವಾಗಬೇಕು ಎಂದು ಸುಲ್ತಾನ ಕಾಯುತ್ತಿದ್ದಾನೆ. ಬರುವವನು ನಿಜವಾದ ಅತಿಥಿಯನ್ನು ಕೊಂದು ಅವನ ನಿಲುವಂಗಿ ತೊಟ್ಟ ಅಜೀಜ್. ಓಣಿಯ ಕಳ್ಳ ದರ್ಬಾರ್ ಸೀನಿನ ನಡುಮಧ್ಯಕ್ಕೆ ಬಂದು ನಿಂತಿದ್ದಾನೆ, ದೊರೆ ಅವನ ಕಾಲಿಗೆ ಬಿದ್ದಿದ್ದಾನೆ. ಗುಟ್ಟು ರಟ್ಟಾದ ಮೇಲೆ ಇಬ್ಬರೂ ಎದುರುಬದುರಾಗುತ್ತಾರೆ. ಅಜೀಜ್ ಅಂಜುವುದಿಲ್ಲ, ನಿನ್ನ ಪ್ರತಿಯೊಂದು ಯೋಜನೆಯನ್ನೂ ಮನಸಾರೆ ಅನುಸರಿಸಿದ ಒಬ್ಬನೇ ಒಬ್ಬ ಪ್ರಜೆ ನಾನು ಎಂಬ ಧಾಟಿಯಲ್ಲಿ ವಾದಿಸುತ್ತಾನೆ. ಬ್ರಾಹ್ಮಣನಿಗೆ ನ್ಯಾಯ ಎಂದೆ ನೀನು, ನಾನು ಬ್ರಾಹ್ಮಣನಾದೆ. ತಾಮ್ರದ ನಾಣ್ಯ ಎಂದೆ, ಟಂಕಿಸಿದೆ. ಸುಳ್ಳಿಲ್ಲ ಅದರಲ್ಲಿ. ಮುಹಮ್ಮದ್ ಅವನನ್ನು ಕೊಲ್ಲದೆ ದಖ್ಖಣಕ್ಕೆ ಅಧಿಕಾರಿ ಮಾಡಿ ಕಳಿಸುತ್ತಾನೆ. ಇದನ್ನು ಕ್ಷಮೆ ಎನ್ನಲು ನನಗೆ ಮನಸ್ಸಿಲ್ಲ. ಕನ್ನಡಿಗೆ ಕಲ್ಲು ಹೊಡೆಯುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ಕಲಿಗುಲಾ ಕನ್ನಡಿ ಒಡೆಯುತ್ತಾನೆ, ಇರಿತಕ್ಕೆ ಸಿಕ್ಕು, ಕಿರುಚಿ ಸಾಯುತ್ತಾನೆ, ಅದೊಂದು ಭವ್ಯ ಮುಕ್ತಾಯ. ತುಘಲಕನಿಗೆ ಸಾವೂ ಸಿಗುವುದಿಲ್ಲ. ತೂಕಡಿಸುತ್ತಾನೆ, ಆಜಾನಿಗೆ ಎಚ್ಚೆತ್ತು ಎಲ್ಲಿದ್ದೇನೆಂದು ತಿಳಿಯದೆ ಪಿಳಿಪಿಳಿ ನೋಡುತ್ತಾನೆ.

ಪುರಾಣ ಇತಿಹಾಸಗಳ ಬಟ್ಟೆ ತೊಡಿಸಿ ಆಳುವವರ ಮಾತಾಡುವುದು ಈ ನೆಲಕ್ಕೆ ಫ್ರೆಂಚರು ಕಲಿಸಿದ ಪಾಠವಂತೂ ಅಲ್ಲ. ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ ತಿರುಳುಗನ್ನಡದಲ್ಲಿ ಬರೆದೆನೆಂದ ಪಂಪ 941ರಷ್ಟು ಹಿಂದೆಯೇ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಳಗೆ ಕೂರಿಸಿ ಭಾರತ ಹೇಳಿದ. ಅದು ಒಡೆಯನನ್ನು ಹೊಗಳುವ ದಾರಿ. ಗದಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸ ಅದೇ ಭಾರತದೊಳಗೆ ಅರಸನಿಗೂ ಮಂತ್ರಿಗೂ ಬೈಗುಳ ತುಂಬಿದ. ಅಡ್ಡಪಲ್ಲಕ್ಕಿಯೂ ಗೊತ್ತು, ಅಡ್ಡಮಾತೂ ಗೊತ್ತು ನಮ್ಮವರಿಗೆ. ಪ್ಯಾರಿಸ್ಸಿನವರಿಂದ ಬಂದದ್ದು ಆ ಎರಡಕ್ಕೂ ಹೊರಗಿನದು: ಆಳುವವನಿಗೆ ತನ್ನ ವಾದವನ್ನು ಪೂರ್ತಿ ಹೇಳಲು ಬಿಡುವುದು. ಕ್ರಿಯೋನ್ ಎಷ್ಟು ಚೆನ್ನಾಗಿ ಮಾತಾಡುತ್ತಾನೆಂದರೆ, ಅಂತಿಗೊನೆ ಒಂದು ಗಳಿಗೆ ಸೋತೇಬಿಡುತ್ತಾಳೆ. ಮುಹಮ್ಮದನ ಮಾತಿಗೆ ನಾವೂ ಎಷ್ಟೋ ಸಲ ಸೋಲುತ್ತೇವೆ. ಸೋಲದಿದ್ದರೆ ನಾಟಕ ಬರೀ ಧಿಕ್ಕಾರ ಕೂಗಿದಂತಾಗುತ್ತದೆ. 1975ರ ನಂತರದ ನಮ್ಮ ಎಷ್ಟೋ ಬೀದಿ ನಾಟಕಗಳ ಸೊರಗಿಗೆ ಇದೂ ಒಂದು ಕಾರಣ ಎಂದರೆ ಗೆಳೆಯರು ಸಿಟ್ಟಾದಾರು.

ಜೋಶಿಯವರ ಸ್ವಂತ ‘ಸತ್ತವರ ನೆರಳು’ ಬೇರೆ ಜಾತಿಯ ನಾಟಕ. ಮಠ, ಪೀಠ, ಸತ್ತವರು ಇದ್ದವರ ಮೇಲೆ ನಡೆಸುವ ದರ್ಬಾರು ಅದರ ವಸ್ತು. ಎಪ್ಪತ್ತರ ದಶಕದಲ್ಲಿ ಬಿ.ವಿ. ಕಾರಂತರು ಅದನ್ನು ಪುರಂದರದಾಸರ ಹಾಡುಗಳ ಮೇಲೆ ತೇಲಿಸಿ ಆಡಿಸಿದಾಗ ಜನ ಮುಗಿಬಿದ್ದರು. ಅದರಲ್ಲಿ ಯಾವ ಫ್ರೆಂಚನ ಸುಳಿವೂ ಇಲ್ಲ. ಕಾರ್ನಾಡರ ಎರಡು ನಾಟಕಗಳನ್ನು ಅಚ್ಚು ಹಾಕಿಸಿದ ಕೈಯೇ ಇದನ್ನೂ ಬರೆಯಿತೆಂಬುದು ಆ ಅಟ್ಟ ಎಷ್ಟು ಅಗಲವಿತ್ತೆಂದು ತೋರಿಸುತ್ತದೆ.

‘ತುಘಲಕ್’ ದೊಡ್ಡ ದೊಡ್ಡ ಪ್ರಯೋಗಗಳನ್ನು ಕಂಡಿದೆ. ದಿಲ್ಲಿಯ ಹಳೆಯ ಕೋಟೆಯ ಅವಶೇಷಗಳ ಮುಂದೆ ಅಲ್ಕಾಜಿ ಮಾಡಿಸಿದ್ದು, ಮನೋಹರ ಸಿಂಗ್ ಸುಲ್ತಾನನಾದದ್ದು ದಂತಕಥೆ. ಕನ್ನಡದಲ್ಲಿ ನಟರಂಗದ ಸಿ.ಆರ್. ಸಿಂಹ ಆ ಪಾತ್ರವನ್ನು ತಮ್ಮದೇ ಮಾಡಿಕೊಂಡರು. ಆದರೆ ಕಲ್ಲಿನ ಕೋಟೆಯ ಮುಂದೆ ಆಡಿದಾಗ ಭವ್ಯತೆಯೇನೋ ಬರುತ್ತದೆ, ರಸ್ತೆ ಪರದೆ ಕೈಬಿಟ್ಟುಹೋಗುತ್ತದೆಂದು ನನ್ನ ತಕರಾರು. ಅಜೀಜನಿಗೆ ಅಷ್ಟು ದೊಡ್ಡ ಬಯಲು ಕೊಟ್ಟರೆ ಅವನು ಮೊದಲಿಂದಲೇ ಇತಿಹಾಸಪುರುಷನಾಗಿಬಿಡುತ್ತಾನೆ. ಗದಗು-ಬೆಟಗೇರಿಯ ಯಾವುದಾದರೂ ಹವ್ಯಾಸಿ ತಂಡ ಇದನ್ನು ಹಳೆಯ ಕಂಪನಿ ಪದ್ಧತಿಯಲ್ಲೇ ಆಡಿ ನೋಡಬೇಕು. ಹಾರ್ಮೋನಿಯಂ, ತಬಲಾ, ಬಣ್ಣದ ಪರದೆ, ಹಾಸ್ಯದ ಪಾತ್ರಕ್ಕೆ ಕಂಪನಿಯಲ್ಲಿ ಪಳಗಿದ ಹಿರಿಯ ನಟನೊಬ್ಬ. ಉರ್ದು ಮಾತುಗಳಿಗೆ ನಾಲಗೆ ಹೊರಳಿಸಲು ಲಕ್ಷ್ಮೇಶ್ವರದವರಿಗೆ ತಾಲೀಮೇ ಬೇಡ. ಕೂಸಿನ ತಾಯಿ ಬರುವ ಸೀನಿನಲ್ಲಿ ಪರದೆಯ ಹಿಂದೆ ಮೊಳೆ ಹೊಡೆಯುವ ಸಪ್ಪಳವನ್ನು ನಿಲ್ಲಿಸಬಾರದು. ದೌಲತಾಬಾದು ಕಟ್ಟುತ್ತಿರುವ ಸಪ್ಪಳವೂ ಅದೇ ತಾನೇ.